ನಿದ್ದೆ ಕದ್ದ ಬೆಳಕು

ನಮ್ಮ ಕಾಲದಲ್ಲಿ ನಡುರಾತ್ರಿ ಮಕ್ಕಳ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ, ಪರೀಕ್ಷೆಗೆ ಓದುತ್ತಿದ್ದಾರೆಂದು ತಾಯಂದಿರು ಹಿಗ್ಗುತ್ತಿದ್ದರು. ಈಗ ದೀಪ ಆರಿರುತ್ತದೆ. ಹೊದಿಕೆಯೊಳಗಿಂದ ಮೊಬೈಲಿನ ಬೆಳಕು ಮಾತ್ರ ಇಣುಕುತ್ತದೆ. 2016ರಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಔರಾದ, ಭಾಲ್ಕಿಯ ಹಳ್ಳಿಗಳಲ್ಲೂ ಇದೇ ನೋಟ.

ನನ್ನ ತಂಗಿಯ ಮಗಳು ಮೈಲೂರಿನ ನಮ್ಮ ಮನೆಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಾಳೆ. ಕಳೆದ ವರ್ಷ ಅವಳಿಗೆ ಬೆಳಗ್ಗೆ ಸಿಡಿಮಿಡಿ, ಸಂಜೆ ಮಂಕು. ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ತಂಗಿಗೆ ತಿಳಿಸಿದರೆ, "ಅಕ್ಕಾ, ಮೊದಲ ಆ ಫೋನ್ ಕಸ್ಕೋ" ಎಂದಳು. ನಾನು ಕಸಿಯಲಿಲ್ಲ. ಒಂದು ಸಂಜೆ ಜೋಳ ಹಸನು ಮಾಡುತ್ತ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

"ನಿದ್ದಿ ಹತ್ತಲ್ದು ದೊಡ್ಡವ್ವ, ಅದಕ್ಕೇ ನೋಡ್ತೀನಿ. ಎರಡು ವಿಷಯ ಫೇಲಾಗ್ಯಾವ. ಅವ್ವಗ ಹೇಳಿಲ್ಲ" ಎಂದು ಅತ್ತಳು.

ಮಂಗಳೂರಿನ 1,086 ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಶೇ. 27ರಷ್ಟು ಮಂದಿಗೆ ಇಂಟರ್ನೆಟ್ಟಿನ ಗೀಳು ಅಲ್ಪ ಪ್ರಮಾಣದಲ್ಲಿ, ಸುಮಾರು ಶೇ. 10 ಮಂದಿಗೆ ಮಧ್ಯಮ ಪ್ರಮಾಣದಲ್ಲಿ ಇತ್ತಂತೆ. ಗೀಳು ಹೆಚ್ಚಿದವರಲ್ಲಿ ಮನಸ್ಸಿನ ಬೇಗುದಿಯೂ ಹೆಚ್ಚು. ಯಾವುದರಿಂದ ಯಾವುದು ಎಂದು ಇಂಥ ಒಂದು ಸಲದ ಎಣಿಕೆ ಹೇಳಲಾರದು. ಬೀಜ ಮೊದಲೋ ಮರ ಮೊದಲೋ ಎಂಬಂತೆ. ದುಃಖಕ್ಕೆ ಫೋನು ಹಿಡಿಯುತ್ತಾರೆ. ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಒಸರುವುದನ್ನು ತಡೆಯುತ್ತದೆ. ನಿದ್ದೆಗೆಟ್ಟು ದುಃಖ ಇನ್ನಷ್ಟು ಹೆಚ್ಚುತ್ತದೆ.

ಅವಳು ತಾಯಿಗೆ ವಿಷಯ ತಿಳಿಸುವಾಗ ನಾನು ಪಕ್ಕದಲ್ಲಿದ್ದೆ. ತಂಗಿ ಮೊದಲು ಕೂಗಾಡಿದಳು, ಆಮೇಲೆ ತಾನೂ ಅತ್ತಳು. ಅಂದಿನಿಂದ ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನುಗಳೂ ಅಡುಗೆಮನೆಯ ಮಾಡಿನಲ್ಲಿ. ಅವಳ ದೊಡ್ಡಪ್ಪನದೂ ಸೇರಿ! ಅವರಿಗೇ ಹೆಚ್ಚು ಕಷ್ಟವಾಯಿತೆನ್ನಿ. ಒಂದೆರಡು ವಾರ ಹುಡುಗಿ ಹೊರಳಾಡಿದಳು, ಆಮೇಲೆ ನಿದ್ದೆ ಬಂತು.

ಎಲ್ಲ ಮನೆಯಲ್ಲೂ ಇಷ್ಟಕ್ಕೇ ಸರಿಹೋಗುತ್ತದೆಂದು ನಾನು ಹೇಳಲಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. ಬೀದರಿನವರಿಗೆ ಅದು ದೂರ. ಆದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಊಟ ಬಿಟ್ಟು, ಮಾತು ಬಿಟ್ಟು ಕೂತರೆ ತಡ ಮಾಡಬೇಡಿ.

ಎರಡರಲ್ಲಿ ಒಂದು ವಿಷಯ ಪಾಸಾಯಿತು. ಇನ್ನೊಂದು ಉಳಿದಿದೆ. ತಂಗಿ ಈಗ ಫೋನಿನಲ್ಲಿ ಮೊದಲು ಅಂಕ ಕೇಳುವುದಿಲ್ಲ, "ಉಂಡಿಯೇನವ್ವ?" ಎಂದು ಕೇಳುತ್ತಾಳೆ.