ಬಸುರಿಯ ಕಾಫಿ ಲೆಕ್ಕ

ಬಸುರಿ ಅಂತ ಗೊತ್ತಾದ ದಿನವೇ ನಮ್ಮ ಕಡೆ ಬಿಡಬೇಕಾದ್ದರ ಪಟ್ಟಿಯೊಂದು ಶುರುವಾಗುತ್ತೆ. ಪರಂಗಿಹಣ್ಣು ಮುಟ್ಟಬೇಡ, ಅನಾನಸ್ ಬೇಡ, ಎಳ್ಳು ಉಷ್ಣ, ಬದನೆಕಾಯಿ ನಂಜು... ನಾನು ಈ ಪಟ್ಟಿಯನ್ನು ಎರಡು ಸಲ ಕೇಳಿಸಿಕೊಂಡವಳು. ಅದರಲ್ಲಿ ಕಾಫಿಯೂ ಇದೆ, ಆದರೆ ಕಾರಣವೇ ಬೇರೆ. "ಕಾಫಿ ಕುಡಿದ್ರೆ ಮಗು ಕಪ್ಪಾಗುತ್ತೆ ಕಣೇ, ಕೇಸರಿ ಹಾಲು ಕುಡಿ" ಅಂತ! ನಮ್ಮ ಅಪ್ಪನ ಕಡೆಯವರೆಲ್ಲ ಕಪ್ಪೇ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತೆ, ಲೋಟದಿಂದ ಅಲ್ಲ. ಹಾಗಾಗಿ ಆ ಮಾತಿಗೆ ನಕ್ಕು ಸುಮ್ಮನಾದೆ :-)

ನಮ್ಮದು ಹಾಸನದ ಕಡೆ. ತೋಟ ಗೀಟ ಏನಿಲ್ಲ, ಆದರೂ ಕಾಫಿ ವಿಷಯದಲ್ಲಿ ಅಪ್ಪ ಬಲು ಕಟ್ಟುನಿಟ್ಟು. ಬೀಜ ಕಣ್ಣೆದುರೇ ಬೀಸಿಸಿ ತರಬೇಕು, ಚಿಕೋರಿ ನೂರಕ್ಕೆ ಇಪ್ಪತ್ತು ದಾಟಬಾರದು. ಮದುವೆಯಾಗಿ ಬಂದದ್ದೂ ಕಾಫಿ ಮನೆಗೇ. ಎದ್ದ ತಕ್ಷಣ ಒಂದು, ತಿಂಡಿ ಆದಮೇಲೆ ಒಂದು, ಆಫೀಸಿನಲ್ಲಿ ಒಂದು, ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಒಂದು. ಆ ಸಂಜೆಯ ಲೋಟ ಇದೆಯಲ್ಲ, ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹತ್ತು ನಿಮಿಷ ಅದು.

ಮೊದಲ ಸಲ ಬಸುರಿಯಾದಾಗ ಡಾಕ್ಟರು "ಎರಡು ಲೋಟಕ್ಕೆ ಇಳಿಸಿ, ಸಾಕು" ಅಂದರು. ಇಳಿಸಿದೆ. ಒಂಬತ್ತನೇ ವಾರಕ್ಕೆ ಗರ್ಭ ನಿಲ್ಲಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೇ ದಿನ ನೆಂಟರೊಬ್ಬರು ನೋಡಲು ಬಂದರು. ಅತ್ತೆಯ ಪಕ್ಕ ಕೂತು, ಒಳಗೆ ಮಲಗಿದ್ದ ನನಗೂ ಕೇಳಿಸುವ ಹಾಗೆ, "ಕಾಫಿ ಜಾಸ್ತಿ ಕುಡೀತಿದ್ಲಲ್ವಾ, ಅದಕ್ಕೇ ಇರ್ಬೇಕು" ಅಂದರು. ಹಾಗನ್ನುವಾಗ ಅವರ ಕೈಯಲ್ಲಿ ನಮ್ಮನೆ ಕಾಫಿ ಲೋಟವೇ ಇತ್ತು.

ಅವರು ಕೆಟ್ಟವರಲ್ಲ. ಏನಾದರೂ ಹೇಳಬೇಕಿತ್ತು, ಹೇಳಿದರು. ಕಾಫಿ ಮುಗಿಸಿ, ಕುಂಕುಮ ಇಟ್ಟುಕೊಂಡು ಹೊರಟರು. ಮಾತು ಮಾತ್ರ ನನ್ನ ಹತ್ತಿರ ಉಳೀತು. ತಿಂಗಳುಗಟ್ಟಲೆ ಮನೆಯವರಿಗೆಲ್ಲ ಕಾಫಿ ಬೆರೆಸಿ ಕೊಟ್ಟು ನಾನು ಬಿಸಿನೀರು ಕುಡಿದೆ. ಆಗ ಹೊಟ್ಟೆಯಲ್ಲಿ ಮಗುವೇ ಇರಲಿಲ್ಲ, ಬಿಡಬೇಕು ಅಂತ ಯಾರೂ ಹೇಳಿರಲೂ ಇಲ್ಲ. ಯಾರಿಗಾಗಿ ಬಿಟ್ಟೆನೋ!

ಕೊನೆಗೆ ಡಾಕ್ಟರನ್ನೇ ಕೇಳಿಬಿಟ್ಟೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಸಂಖ್ಯೆಯಲ್ಲೇ ಆದ ಏರುಪೇರು. ಅಂಡಾಣು ವೀರ್ಯಾಣು ಸೇರುವ ಹೊತ್ತಿಗೇ ಸಾಮಾನ್ಯವಾಗಿ ಅದು ನಿರ್ಧಾರವಾಗಿರುತ್ತೆ. ಆಮೇಲೆ ಏನು ತಿಂದರೂ, ಏನು ಬಿಟ್ಟರೂ ಅದು ಬದಲಾಗುವುದಿಲ್ಲ. "ನಿಮ್ಮ ಎರಡು ಲೋಟ ಕಾಫಿಗೆ ಇದನ್ನು ಗಂಟು ಹಾಕಬೇಡಿ" ಅಂದರು.

ಅಷ್ಟಕ್ಕೆ ಸುಮ್ಮನಾಗುವ ಜಾಯಮಾನ ನನ್ನದಲ್ಲ, ಓದತೊಡಗಿದೆ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 1,063 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ 200 ಮಿಲಿಗ್ರಾಂ ಅಥವಾ ಹೆಚ್ಚು ಕೆಫೀನ್ ತಗೊಂಡವರಲ್ಲಿ ಗರ್ಭಪಾತದ ಸಂಭವ, ತಗೊಳ್ಳದವರ ಸುಮಾರು ಎರಡರಷ್ಟು ಅಂತ ಅದು ಹೇಳಿತು. ಓದಿ ಎದೆ ಧಸಕ್ಕೆಂದಿತು. ಆದರೆ ಇಂಥ ಲೆಕ್ಕಗಳಲ್ಲಿ ಒಂದು ತೊಡಕಿದೆ. ಗರ್ಭ ಗಟ್ಟಿಯಾಗಿ ನಿಂತವರಿಗೆ ಸಾಮಾನ್ಯವಾಗಿ ವಾಕರಿಕೆ ಹೆಚ್ಚು. ಕಾಫಿ ವಾಸನೆ ಬಂದರೇ ಹೊಟ್ಟೆ ತೊಳೆಸುತ್ತೆ, ತಾವಾಗಿಯೇ ಬಿಡುತ್ತಾರೆ. ಗರ್ಭ ಸರಿಯಾಗಿ ಬೆಳೆಯದಿದ್ದವರಿಗೆ ವಾಕರಿಕೆ ಕಮ್ಮಿ ಇರಬಹುದು, ಅವರು ಎಂದಿನಂತೆ ಕುಡಿಯುತ್ತಿರುತ್ತಾರೆ. ಆಮೇಲೆ ಲೆಕ್ಕ ಹಾಕಿದರೆ ಕಾಫಿಯೇ ಅಪರಾಧಿ ಹಾಗೆ ಕಾಣುತ್ತೆ. ಅಧ್ಯಯನ ಮಾಡುವವರು ಇದನ್ನೂ ಗಣನೆಗೆ ತಗೊಳ್ಳುತ್ತಾರೆ, ಆದರೆ ಪೂರ್ತಿ ಬಿಡಿಸಿ ನೋಡುವುದು ಕಷ್ಟ. 2010ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ, ದಿನಕ್ಕೆ 200 ಮಿಲಿಗ್ರಾಂ ಒಳಗಿನ ಕೆಫೀನ್ ಗರ್ಭಪಾತಕ್ಕಾಗಲಿ ಅವಧಿಗೆ ಮುಂಚಿನ ಹೆರಿಗೆಗಾಗಲಿ ಮುಖ್ಯ ಕಾರಣವಾಗುವಂತೆ ಕಾಣುವುದಿಲ್ಲ ಅಂತ ಹೇಳಿತು.

ಹಾಗಂತ ಲೋಟಗಟ್ಟಲೆ ಕುಡಿಯಿರಿ ಅಂತಲ್ಲ. ದಿನಕ್ಕೆ 300 ಮಿಲಿಗ್ರಾಂ ಮೇಲೆ ಕೆಫೀನ್ ತಗೊಳ್ಳುವ ಗರ್ಭಿಣಿಯರು ಅದನ್ನು ಇಳಿಸಬೇಕು ಅಂತ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿದೆ. ಗರ್ಭಪಾತ ಮತ್ತು ಕಡಿಮೆ ತೂಕದ ಮಗು, ಎರಡರ ಅಪಾಯವನ್ನೂ ಅದು ಹೆಸರಿಸಿದೆ. ಕೆಫೀನ್ ಮಾಸು ದಾಟಿ ಮಗುವಿಗೂ ಹೋಗುತ್ತೆ, ಅದನ್ನು ಕರಗಿಸುವ ಶಕ್ತಿ ಮಗುವಿಗೆ ಇನ್ನೂ ಬಂದಿರುವುದಿಲ್ಲ. ತಾಯಿಯ ಮೈಯೂ ಆಗ ನಿಧಾನ. ಮಾಮೂಲು ದಿನಗಳಲ್ಲಿ ಮೈಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಸಾಕು, ಗರ್ಭದ ಕೊನೆಯ ತಿಂಗಳುಗಳಲ್ಲಿ 15 ಗಂಟೆಯ ಹತ್ತಿರ ಬೇಕು. ಅಂದರೆ ಸಂಜೆ ಕುಡಿದದ್ದು ಮರುದಿನ ಬೆಳಿಗ್ಗೆಯೂ ಒಳಗೇ ಇರುತ್ತೆ.

ಎರಡನೇ ಸಲ ಬಸುರಿಯಾದಾಗ ನನ್ನ ಹತ್ತಿರ ಇಷ್ಟೆಲ್ಲ ಲೆಕ್ಕ ಇತ್ತು. ಮೊದಲ ಮೂರು ತಿಂಗಳು ಪೂರ್ತಿ ಬಿಡ್ತೀನಿ, ಆಮೇಲೆ ಒಂದೇ ಲೋಟ ಅಂತ ನಾನೇ ತೀರ್ಮಾನಿಸಿದೆ.

ಬಿಟ್ಟ ಮಾರನೇ ದಿನ ತಲೆನೋವು ಅಂದರೆ ತಲೆನೋವು! ಹಣೆಯಿಂದ ಹಿಂದಲೆವರೆಗೂ ಯಾರೋ ಹಗ್ಗ ಬಿಗಿದ ಹಾಗೆ. ಕೆಫೀನ್ ಬಿಟ್ಟರೆ ಹೀಗಾಗುವುದು ಸಹಜ, 12ರಿಂದ 24 ಗಂಟೆಯೊಳಗೆ ಶುರುವಾಗಿ ಎರಡರಿಂದ ಒಂಬತ್ತು ದಿನದವರೆಗೆ ಕಾಡಬಹುದು. ನನಗೆ ನಾಲ್ಕು ದಿನಕ್ಕೆ ಮುಗೀತು. ಏಕ್‌ದಂ ನಿಲ್ಲಿಸುವ ಬದಲು ದಿನಕ್ಕಿಷ್ಟು ಅಂತ ಇಳಿಸಿದರೆ ನೋವು ಕಮ್ಮಿಯಂತೆ. ಆರನೇ ವಾರದಿಂದ ವಾಸನೆಯೇ ಆಗದು, ಫಿಲ್ಟರಿಗೆ ನೀರು ಬಿದ್ದರೆ ನಾನು ಬಚ್ಚಲಿಗೆ ಓಡುತ್ತಿದ್ದೆ. ಅದನ್ನು ನೋಡಿದ ಅತ್ತೆ ಒಂದು ಮಾತೂ ಆಡದೆ ತಮ್ಮ ಲೋಟ ತಗೊಂಡು ಹಿತ್ತಲಿಗೆ ಹೋಗತೊಡಗಿದರು. ಮಳೆಗಾಲ ಬೇರೆ. ತೊಟ್ಟಿಕ್ಕುವ ಸೂರಿನಡಿ ನಿಂತು ಅವರು ಕಾಫಿ ಕುಡಿಯುವುದು ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ನನಗೆ ಕೊತ್ತಂಬರಿ ಜೀರಿಗೆ ಹುರಿದು ಪುಡಿ ಮಾಡಿಟ್ಟು, ಬೆಲ್ಲ ಹಾಲು ಹಾಕಿ ಕಷಾಯ ಕೊಡುತ್ತಿದ್ದರು. ಆ ನೆಂಟರ ಮಾತಿನ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ.

ನಾಲ್ಕನೇ ತಿಂಗಳಿಗೆ ಆಸೆ ಮರಳಿತು. ಜೊತೆಗೇ ಕಬ್ಬಿಣದ ಮಾತ್ರೆಯೂ ಶುರುವಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ 180 ದಿನ ಕೊಡುತ್ತಾರಲ್ಲ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅಂಥದ್ದೇ. ನಮ್ಮ ಮನೆಗಳಲ್ಲಿ ಯಾರೂ ಹೇಳದ ವಿಷಯ ಇದು: ಕಾಫಿ ಟೀ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಊಟವಾಗಿ ಒಂದು ಗಂಟೆ ಇವೆರಡೂ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ತಿಂಡಿಯ ಜೊತೆಗೇ ಕಾಫಿ ಕುಡಿಯುವ ನಾಡು ನಮ್ಮದು! 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಅಂತಲೂ ಅಲ್ಲಿದೆ. ಕಾಫಿ ಬಿಟ್ಟು ಮೂರು ಟೀ ಕುಡಿಯುವವರು ಇದನ್ನೊಮ್ಮೆ ಕೂಡಿಸಿ ನೋಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಅಪ್ಪನ ಕಟ್ಟಳೆ ಮುರಿದು ಚಿಕೋರಿ ನಲವತ್ತು ಮಾಡಿಸಿದೆ. ಸಂಜೆ ನಾಲ್ಕೂವರೆಗೆ, ಮಾತ್ರೆಗೂ ಊಟಕ್ಕೂ ದೂರವಾಗಿ, ಒಂದು ಸಣ್ಣ ಲೋಟ.

ಮಗಳಿಗೆ ಈಗ ಮೂರು ವರ್ಷ. ನನ್ನಷ್ಟೇ ಕಪ್ಪು. ನಾನು ಕಾಫಿ ಬಿಟ್ಟಿದ್ದಕ್ಕೆ ಅವಳು ಉಳಿದಳು ಅಂತ ಹೇಳಿದರೆ, ಆ ನೆಂಟರ ಮಾತನ್ನೇ ನಾನು ತಿರುಗಿಸಿ ಹೇಳಿದ ಹಾಗಾಗುತ್ತೆ. ಅದಕ್ಕೇ ಹೇಳುವುದಿಲ್ಲ.

ನೀವೂ ಎಂದಾದರೂ ಗರ್ಭ ಕಳಕೊಂಡ ಹೆಣ್ಣುಮಗಳನ್ನು ನೋಡಲು ಹೋಗುತ್ತೀರಿ. ಏನು ತಿಂದಿದ್ದಳು, ಏನು ಕುಡಿದಿದ್ದಳು ಅಂತ ಹುಡುಕಬೇಡಿ. ಸುಮ್ಮನೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ. ಅವಳು ಕಾಫಿ ಕುಡಿಯುವವಳಾದರೆ, ಎದ್ದು ಹೋಗಿ ಒಂದು ಲೋಟ ಬೆರೆಸಿ ತಂದುಕೊಡಿ.