ನಂದಿಧ್ವಜ ಗಿಡ್ಡ ಮಾಡಬೇಡ್ರಿ

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಕನ್ನಡ ಮಂದಿಯ ವಾಟ್ಸ್‌ಆ್ಯಪ್ ತುಂಬ ಸಿದ್ಧರಾಮೇಶ್ವರ ಜಾತ್ರೆಯ ಹಳೇ ವಿಡಿಯೊಗಳು. ಬಿಳಿ ಬಾರಾಬಂದಿ ತೊಟ್ಟವರು, ಏಳು ನಂದಿಧ್ವಜಗಳು, ಸಮ್ಮತಿ ಕಟ್ಟೆಯ ಅಕ್ಷತೆ, ಈಗ ನಮ್ಮೊಡನಿಲ್ಲದ ಹಿರಿಯರು. ಆದರೆ ಎಷ್ಟೋ ವಿಡಿಯೊಗಳಲ್ಲಿ ಮುಖಗಳೆಲ್ಲ ಅಗಲ, ಮುಗಿಲೆತ್ತರದ ಧ್ವಜ ಗಿಡ್ಡ. ಸಂಕಟವಾಗುತ್ತದೆ.

ತಪ್ಪು ಕ್ಯಾಮೆರಾದ್ದಲ್ಲ, ಹಳೇ ಡಿವಿಡಿಯನ್ನು ಫೈಲ್ ಮಾಡುವಾಗ ಆದದ್ದು. ನಮ್ಮಲ್ಲಿನ ಪಾಲ್ ಡಿವಿಡಿಯ ಚಿತ್ರ ಸಾಮಾನ್ಯವಾಗಿ 720×576 ಪಿಕ್ಸೆಲ್. 4:3 ಇರಲಿ, 16:9 ಇರಲಿ, ಲೆಕ್ಕ ಅಷ್ಟೇ. ಎಷ್ಟು ಅಗಲ ತೋರಿಸಬೇಕೆಂಬುದನ್ನು ಫೈಲಿನೊಳಗಿನ ಒಂದು ಗುರುತು ಹೇಳುತ್ತದೆ. ಎಂಪಿ4 ಮಾಡುವಾಗ 4:3 ಚಿತ್ರದ ಆ ಗುರುತು ಕಳೆದುಹೋದರೆ ಮುಖ ತುಸು ಸಪೂರ. ಪರದೆ ತುಂಬಲೆಂದು 16:9 ಒತ್ತಿದರೆ ಊದಿದ ಮುಖ. ಎರಡು ಬದಿಯ ಕಪ್ಪು ಪಟ್ಟಿ ದೋಷವಲ್ಲ, ಇರಲಿ ಬಿಡಿ.

4:3 ಚಿತ್ರದ ಗುರುತಷ್ಟೇ ಕೆಟ್ಟಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ 4:3 ಎಂದು ಬರೆದು ಹಾಗೇ ಕಾಪಿ ಮಾಡಿ. ಮತ್ತೆ ಎನ್‌ಕೋಡ್ ಬೇಡ, ಗುಣಮಟ್ಟ ಕುಗ್ಗದು. ಕೆಲವು ಟಿವಿಗಳು ಆ ಗುರುತನ್ನು ಲೆಕ್ಕಿಸುವುದೇ ಇಲ್ಲ. ಅವಕ್ಕಾಗಿ ಚಿತ್ರವನ್ನೇ 768×576ಕ್ಕೆ ಬದಲಿಸಿ, ಎಚ್.264 ಮತ್ತು ಎಎಸಿ ಧ್ವನಿ ಇಡಿ. ಮೆರವಣಿಗೆ ಚಲಿಸುವಾಗ ಅಂಚಿನಲ್ಲಿ ಬಾಚಣಿಗೆಯಂಥ ಗೆರೆ ಕಂಡರೆ ಡಿಇಂಟರ್‌ಲೇಸ್ ಮಾಡಿ. ಸರಿಯಾಯಿತೇ ಎಂದು ತಿಳಿಯಲು ಗಾಡಿಯ ಗಾಲಿ ನೋಡಿ. ಪಕ್ಕದಿಂದ ಹಿಡಿದ ಗಾಲಿ ದುಂಡಗಿರಬೇಕು.

ಮೂಲ ಕ್ಯಾಸೆಟ್, ಡಿಸ್ಕ್ ಮಾತ್ರ ದಯವಿಟ್ಟು ಎಸೆಯಬೇಡ್ರಿ. ಕೆಟ್ಟ ಪ್ರತಿಯನ್ನು ಮತ್ತೆ ತಿದ್ದಲು ಅದೊಂದೇ ಆಧಾರ.