ಈಚಲುವನದ ಮೊಮ್ಮಗಳು

ಮಧುಗಿರಿ,
ಫೆಬ್ರವರಿ ಕೊನೆಯ ವಾರ

ಪ್ರೀತಿಯ ಅಕ್ಕ,

"ವೈನಿನ ಉದ್ಯಮದ ಮೇಲೆ ಪ್ರೇಮ ಕಾದಂಬರಿ ಬರೆಯೋಳು ನಂದಿಬೆಟ್ಟದ ಬುಡಕ್ಕೆ ಹೋಗೋದು ಬಿಟ್ಟು ಶಿರಾ, ಪಾವಗಡ ಅಂತ ಬಿಸಿಲಲ್ಲಿ ಯಾಕೆ ಅಲೀತೀಯ?" ಅಂತ ಫೋನಿನಲ್ಲಿ ಕೇಳಿದ್ದೆ. ಆಗ ಸಿಗ್ನಲ್ ನಿಲ್ಲಲಿಲ್ಲ, ಉತ್ತರವೂ ಒಂದೆರಡು ಮಾತಿನದಲ್ಲ. ಅದಕ್ಕೇ ಈ ಕಾಗದ.

ನಂದಿಬೆಟ್ಟದ ಬುಡಕ್ಕೂ ಹೋಗಿ ಬಂದೆ ಅಕ್ಕ, ಮೊದಲು ಅಲ್ಲಿಗೇ ಹೋಗಿದ್ದು. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ದೊಡ್ಡಬಳ್ಳಾಪುರದ ಹತ್ತಿರ ಬಳ್ಳಿ ನೆಟ್ಟಿದ್ದು 1988ರಲ್ಲಿ. ಮೊದಲ ವೈನು ಮಾರುಕಟ್ಟೆಗೆ ಬಂದಿದ್ದು 1992ರಲ್ಲಿ. ಆ ಸೀಮೆಯಲ್ಲಿ ಈಗ ಕೊಯ್ಲು. ಬಿಸಿಲೇರಿದರೆ ಹಣ್ಣು ಬಿಸಿಯಾಗಿ ದಾರಿಯಲ್ಲೇ ಹುದುಗಲು ಶುರುವಾಗುತ್ತದಂತೆ, ಹಾಗಾಗಿ ನಸುಕಿಗೇ ಕೆಲಸ. ಹೆಂಗಸರು ತಲೆಗೆ ಟವೆಲು ಸುತ್ತಿಕೊಂಡು, ಚಿಕ್ಕ ಕತ್ತರಿಯಲ್ಲಿ ಗೊಂಚಲು ಕತ್ತರಿಸಿ ಕ್ರೇಟಿಗೆ ಇಳಿಸುತ್ತಾರೆ. ಕೆಂಪು ವೈನಿನ ಬಣ್ಣ ರಸದಲ್ಲಿಲ್ಲ, ಸಿಪ್ಪೆಯಲ್ಲಿದೆ. ಹುದುಗುವಾಗ ಸಿಪ್ಪೆ ಮೇಲಕ್ಕೆ ತೇಲಿ ಗಟ್ಟಿ ಪದರವಾಗುತ್ತದೆ, ಅದನ್ನು ಮತ್ತೆ ಮತ್ತೆ ಒಳಕ್ಕೆ ಮುಳುಗಿಸುತ್ತಿರಬೇಕು. ಆಗ ಏಳುವ ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ. ತೊಟ್ಟಿಯ ತಳದಲ್ಲಿ ಅದು ಕೂತಿರುವಾಗ ಗಾಳಿ ಆಡಿಸದೆ ಯಾರಾದರೂ ಇಳಿದರೆ ಜೀವ ಹೋಗುತ್ತದೆ. ನನ್ನ ಕಾದಂಬರಿಯ ನಡುವಿನ ಅಧ್ಯಾಯ ಆ ತೊಟ್ಟಿಯ ಬಾಯಲ್ಲೇ ನಡೆಯುತ್ತದೆ, ಅಷ್ಟು ತೀರ್ಮಾನವಾಗಿದೆ.

ತೋಟದ ಮಾಲೀಕನ ಮಗ, ಪಟ್ಟಣದಿಂದ ಬಂದ ಹುಡುಗಿ, ಸಂಜೆಯ ಬಾಲ್ಕನಿಯಲ್ಲಿ ಎರಡು ಗ್ಲಾಸು: ಈ ಕಥೆ ನನಗೆ ಬೇಡ. ಅಲ್ಲಿ ವೈನು ಬರೀ ಅಲಂಕಾರ. ಪ್ರೇಮಕ್ಕೂ ಬೆಳೆಗೂ ಸಂಬಂಧ ಇರಬೇಕು ಅಂತ ನಮಗೆ ತ್ರಿವೇಣಿಯವರು ಆಗಲೇ ತೋರಿಸಿಕೊಟ್ಟಿದ್ದಾರಲ್ಲ. ‘ಬೆಳ್ಳಿಮೋಡ’ದಲ್ಲಿ ಮೋಹನ ಒಲಿದದ್ದು ಇಂದಿರೆಗೋ, ಅವಳ ಪಾಲಿಗೆ ಬರುವ ಎಸ್ಟೇಟಿಗೋ? ಅವಳಿಗೊಬ್ಬ ತಮ್ಮ ಹುಟ್ಟಿದ ಮೇಲೆ ಅದು ಬಯಲಾಗುತ್ತದೆ. ಎಸ್ಟೇಟು ತೆಗೆದುಬಿಟ್ಟರೆ ಆ ಕಥೆಯೇ ನಿಲ್ಲುವುದಿಲ್ಲ. ನನ್ನ ಕಥೆಯಲ್ಲೂ ದ್ರಾಕ್ಷಿ ಹಾಗೆ ಕೂರಬೇಕು. ಗೊಂಚಲು ಕುಯ್ಯುವವರು, ತೊಟ್ಟಿ ತೊಳೆಯುವವರು ಯಾವ ನೆಲದಿಂದ ಎದ್ದು ಬಂದರೆ ಅದಕ್ಕೆ ತೂಕ ಬರುತ್ತದೆ ಅಂತ ಯೋಚಿಸುತ್ತಾ ಕೊರಟಗೆರೆ ದಾಟಿ ಇತ್ತ ಬಂದೆ.

ಶಿರಾದಲ್ಲಿ ನನ್ನ ನಾಯಕಿ ಸಿಕ್ಕಳು. ಮಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿ ಎರಡನ್ನೂ ನೋಡಿದೆ. ಮೊಗಲರ ಸುಬಾದ, ಅಂದರೆ ಪ್ರಾಂತದ, ರಾಜಧಾನಿಯಾಗಿದ್ದ ಊರು ಇದು. ಇಲ್ಲಿನ ತೋಟವೇ ಹೈದರಾಲಿಯ ಲಾಲ್‌ಬಾಗಿಗೆ ಪ್ರೇರಣೆ ಎನ್ನುತ್ತಾರೆ. ಆದರೆ ನನ್ನ ಕಣ್ಣು ನೆಟ್ಟಿದ್ದು ಕೆರೆ ಹಿಂದಿನ ಹಳ್ಳದಲ್ಲಿ ನಿಂತ ಈಚಲು ಮರಗಳ ಮೇಲೆ. ನಮ್ಮ ಹಳೇ ಪಹಣಿಗಳಲ್ಲಿ ‘ಈಚಲುವನ’ ಅಂತ ಇರುತ್ತಿತ್ತು, ನೆನಪಿದೆಯಾ? ಕೆಲವು ಮರಗಳ ಕತ್ತಿನಲ್ಲಿ ಹಳೆಯ ಕೆತ್ತಿನ ಗಾಯ ಇನ್ನೂ ಕಾಣುತ್ತದೆ, ಒಂದು ವರ್ಷ ಈ ಮಗ್ಗುಲು, ಇನ್ನೊಂದು ವರ್ಷ ಆ ಮಗ್ಗುಲು.

ಹಿಂದೆ ಸೇಂದಿ ಇಳಿಸಲು ಮರ ಹತ್ತುತ್ತಿದ್ದ ಒಬ್ಬ ಅಜ್ಜನ ಜೊತೆ ಮಧ್ಯಾಹ್ನವೆಲ್ಲ ಕೂತಿದ್ದೆ. ಚಳಿಗಾಲ ಬಂತೆಂದರೆ ಗರಿ ಸವರಿ, ಸುಳಿಯ ಬುಡದ ಎಳೆಯ ಭಾಗವನ್ನು ತೆಳ್ಳಗೆ ಕೆತ್ತಿ, ಸಂಜೆ ಮಡಕೆ ಕಟ್ಟಬೇಕು. ಬೆಳಗಿನ ಜಾವ ಇಳಿಸಬೇಕು. "ನಸುಕಿಂದು ಕೂಸ್ಗೂ ಕುಡಿಸ್ಬೋದು ಕಣವ್ವ, ಬಿಸ್ಲೇರಿದ್ ಮ್ಯಾಲೆ ಅದೇ ತಲೆಗೆ ಹತ್ತೈತೆ" ಅಂದರು. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯೇರುವುದಿಲ್ಲ, ಬಳಿಯದಿದ್ದರೆ ಗಾಳಿಯಲ್ಲಿರುವ ಯೀಸ್ಟು ತನ್ನ ಕೆಲಸ ತಾನೇ ಶುರುಮಾಡುತ್ತದೆ. ದೊಡ್ಡಬಳ್ಳಾಪುರದ ವೈನ್ ಪ್ರಯೋಗಾಲಯದವರು ಸಕ್ಕರೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ, ಈ ಅಜ್ಜ ನೊರೆಯ ಸದ್ದಿನಲ್ಲಿ ಅಳೆಯುತ್ತಿದ್ದರು. ವೈನಿಗೆ ವರ್ಷಗಟ್ಟಲೆ ಆಯಸ್ಸು, ಸೇಂದಿಗೆ ಒಂದು ಹಗಲು. ಪ್ರೇಮದ ಕಥೆಗೆ ಇದಕ್ಕಿಂತ ಒಳ್ಳೆಯ ಕಾಲಮಾನ ಎಲ್ಲಿ ಸಿಗುತ್ತದೆ ಅಕ್ಕ!

ಈ ಮರಗಳಿಗೆ ದೊಡ್ಡ ಚರಿತ್ರೆ ಇದೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಜನ ಈಚಲು ಮರ ಕಡಿದೇ ಸತ್ಯಾಗ್ರಹ ಮಾಡಿದರು. ಆಮೇಲೆ 2004ರಲ್ಲಿ, ಕರಾವಳಿ ಬಿಟ್ಟು, ರಾಜ್ಯದಲ್ಲಿ ಸೇಂದಿ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿ ತಂದು ವೈನಿಗೆ ಪ್ರೋತ್ಸಾಹ ಕೊಟ್ಟಿತು. ಇದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಸಾರಾಯಿ ಮನೆ ಮುರಿಯುತ್ತಿತ್ತು, ಅದು ಹೋಗಿದ್ದು ಒಳ್ಳೆಯದೇ. ಆದರೆ ಮರ ಹತ್ತುವವನ ಕಸುಬು ನಿಂತು ಮೂರು ವರ್ಷಕ್ಕೆ ಇನ್ನೊಂದು ಹುದುಗಿನ ರಸ ‘ಉದ್ಯಮ’ ಅನ್ನಿಸಿಕೊಂಡಿತು. ಎರಡೂ ಹುದುಗುವ ರೀತಿ ಒಂದೇ, ಸಿಕ್ಕ ಮರ್ಯಾದೆ ಬೇರೆ.

ನನ್ನ ನಾಯಕಿ ಶಿರಾ ಕಡೆಯ ಈಡಿಗರ ಮನೆಯವಳು. ಅಜ್ಜ ಸೇಂದಿ ಇಳಿಸುತ್ತಿದ್ದವನು, ಅಪ್ಪ ಸಾರಾಯಿಗೆ ಬಲಿಯಾದವನು. ತುಮಕೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ ವೈನ್ ಕಾರ್ಖಾನೆಯ ಪ್ರಯೋಗಾಲಯ ಸೇರಿದ್ದಾಳೆ. ಅಜ್ಜ ಹಿಗ್ಗುತ್ತಾನೆ, ತಾಯಿ ಮಗಳ ಸಂಬಳ ಮುಟ್ಟುವುದಿಲ್ಲ.

ನಾಯಕ ಪಾವಗಡದವನು. ಅಲ್ಲಿನ ತಿರುಮಣಿಗೆ ಹೋಗಿ ನೋಡಿದೆ, ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳು, 2,050 ಮೆಗಾವಾಟ್ ಸಾಮರ್ಥ್ಯ. ಶೇಂಗಾ ಬಿತ್ತಿ ಮಳೆಗೆ ಕಾದು ಸೋತ ರೈತರು ಹೊಲ ಮಾರಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ. ನನ್ನ ಹುಡುಗನ ಹೊಲವೂ ಅದರಲ್ಲಿ ಸೇರಿದೆ. ಗುತ್ತಿಗೆ ಮುಗಿಯುವ ಹೊತ್ತಿಗೆ ಅವನಿಗೆ ನಡುವಯಸ್ಸು ದಾಟಿರುತ್ತದೆ. ಮಣ್ಣು ಬಲ್ಲವನು, ಉಳಲು ಮಣ್ಣಿಲ್ಲ, ಹಾಗಾಗಿ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಕೆಲಸಕ್ಕೆ ಬರುತ್ತಾನೆ. ಮನೆಯಲ್ಲಿ ತೆಲುಗು, ಕೋಪ ಬಂದರೂ ತೆಲುಗು.

ಪಾವಗಡ ಆಂಧ್ರದ ಹೊಟ್ಟೆಯೊಳಗಿರುವ ತಾಲ್ಲೂಕು. ಅದೇ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ಎದ್ದು ನಿಂತರು, ಮರುವರ್ಷ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ನನ್ನ ಕಾದಂಬರಿಯಲ್ಲಿ ನಿಜವಾದ ಎದುರಾಳಿ ಆ ಬಗೆಯ ಸಿಟ್ಟು: ನಾಯಕಿಯ ತಾಯಿಯದು. ಅವಳನ್ನು ಕಥೆಯ ಖಳನಾಯಕಿ ಮಾಡಲಾರೆ. ಅವಳ ಮಾತಿಗೆ ಉತ್ತರ ಇಲ್ಲದೆ ಆ ಇಬ್ಬರ ಮದುವೆ ಮಾಡಿಸಲಾರೆ.

ಕನ್ನಡಕ್ಕೆ ಕುಡಿತವೂ ಒಲವೂ ಒಟ್ಟಿಗೆ ಹೊಸದೇನಲ್ಲ. ಪಂಪನ ಅರ್ಜುನ ಸುಭದ್ರೆಯ ವಿರಹದಲ್ಲಿ ರಾತ್ರಿ ಸುತ್ತುವಾಗ ಕಾಣುವುದು ಪಾನಗೋಷ್ಠಿಯನ್ನೇ. ರಾಜರತ್ನಂ ಅವರ ರತ್ನನಿಗೆ ಹೆಂಡವೂ ಹೆಂಡತಿ ನಂಜಿಯೂ ಒಂದೇ ಉಸಿರಿನಲ್ಲಿ. ಆದರೆ ನಂಜಿಯ ಬಾಯಲ್ಲಿ ಆ ಕಥೆ ಕೇಳಬೇಕೆಂದು ನನಗೆ ಬಹಳ ವರ್ಷದ ಆಸೆ.

ಉಳಿದ ಸ್ಥಳಗಳು ಸುಲಭವಾಗಿ ಕೂತವು. ಇಬ್ಬರೂ ಮೊದಲು ಒಟ್ಟಿಗೆ ಹೋಗುವುದು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಲಕ್ಷ್ಮಿಯ ಗುಡಿಗೆ, ಶುಕ್ರವಾರದ ಬಸ್ಸಿನಲ್ಲಿ, ಕೂರಲು ಜಾಗವಿಲ್ಲದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಈಗ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿವೆ, ಊರವರು ಅವನ್ನು ಸ್ವಂತ ಮಕ್ಕಳಷ್ಟೇ ಜೋಪಾನ ಮಾಡುತ್ತಾರೆ. ಜಗಳವಾಗುವುದು ಅಲ್ಲಿ. ಮಧುಗಿರಿ ಬೆಟ್ಟ ಮಾತ್ರ ಬರೆಯಲು ಕಷ್ಟ, ಆ ಬರೀ ಕಲ್ಲಿನ ಎದುರು ಯಾವ ಮಾತೂ ಸಣ್ಣದಾಗುತ್ತದೆ.

ಅಕ್ಕ, ಮೊದಲ ಮೂರು ಅಧ್ಯಾಯ ಮುಂದಿನ ತಿಂಗಳು ಅಂಚೆಯಲ್ಲಿ ಕಳಿಸುತ್ತೇನೆ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಗಂಡನ ಕುಡಿತ ಕಂಡುಂಡವರು ಇದ್ದಾರಲ್ಲ, ತಾಯಿಯ ಅಧ್ಯಾಯವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ಯಾವ ಮಾತು ಸುಳ್ಳು ಅಂತ ಅವರಿಗೆ ಅನ್ನಿಸುತ್ತದೋ ಅದರ ಕೆಳಗೆ ಗೆರೆ ಎಳೆದು ವಾಪಸು ಕಳಿಸು. ಅವರು ಒಪ್ಪದೆ ನಾಲ್ಕನೆಯದು ಶುರು ಮಾಡುವುದಿಲ್ಲ.

ಇಂತಿ ನಿನ್ನ ತಂಗಿ